ಬೀಪ್ ಅನ್ನುತ್ತದೆ, ಲಾಕ್ ಮಾತ್ರ ಆಗುವುದಿಲ್ಲ

ಪ್ರಶ್ನೆ: ನಾನು ಮಂಡ್ಯದವಳು. ಕೆಲಸಕ್ಕೆ ಮೈಸೂರಿಗೆ ಕಾರಿನಲ್ಲೇ ಓಡಾಡುತ್ತೇನೆ. ಆರು ವರ್ಷ ಹಳೆಯ ಸಣ್ಣ ಕಾರು, ಬಟನ್ ಸ್ಟಾರ್ಟ್ ಇದೆ. ಈಚೆಗೆ ಬಾಗಿಲ ಹಿಡಿಯ ಮೇಲಿನ ಕಪ್ಪು ಬಟನ್ ಒತ್ತಿದರೆ ಒಮ್ಮೊಮ್ಮೆ ಲಾಕ್ ಆಗುತ್ತದೆ, ಒಮ್ಮೊಮ್ಮೆ ಉದ್ದಕ್ಕೆ ಬೀಪ್ ಅಂತ ಕೂಗಿ ಸುಮ್ಮನಾಗುತ್ತದೆ. ರಿಮೋಟ್‌ನಿಂದ ಮಾಡಿದರೆ ಕೆಲವು ಸಲ ಲಾಕ್ ಆಗಿ ತಕ್ಷಣ ತಾನೇ ತೆರೆದುಕೊಳ್ಳುತ್ತದೆ. ರಿಮೋಟಿನ ಸೆಲ್ ಎರಡು ಸಲ ಬದಲಾಯಿಸಿದ್ದಾಯಿತು. ಮಳೆ ಬಂದಾಗ ಈ ಕಾಟ ಜಾಸ್ತಿ. ಮೊನ್ನೆ ತುಂತುರು ಮಳೆಯಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋದಾಗ ಎಷ್ಟು ಒತ್ತಿದರೂ ಲಾಕ್ ಆಗದೆ, ಒಬ್ಬರು ಗಾಡಿ ಕಾಯುತ್ತಾ ನಿಂತು ಇನ್ನೊಬ್ಬರು ದರ್ಶನ ಮಾಡಿ ಬರಬೇಕಾಯಿತು. ಗ್ಯಾರೇಜಿನಲ್ಲಿ "ಕಂಪ್ಯೂಟರ್ ಹೋಗಿದೆ, ಬದಲಾಯಿಸಬೇಕು" ಅಂದರು. ನಿಜವಾ? ಇನ್ನೊಂದು ಸಣ್ಣ ವಿಷಯ, ಒಳಗಿನ ಲೈಟ್ ಕೂಡ ಕೆಲವು ಸಲ ಆರುವುದೇ ಇಲ್ಲ. ಅದು ಬೇರೆ ರಿಪೇರಿ ಇರಬೇಕು.

ಉತ್ತರ: ಮೇಡಂ, ಆ ಲೈಟಿನದು ಬೇರೆ ರಿಪೇರಿ ಅಲ್ಲ. ಅದೇ ಇದು. ನಿಮ್ಮ ಗಾಡಿಯ ಯಾವುದೋ ಒಂದು ಬಾಗಿಲು ಮುಚ್ಚಿದ್ದರೂ ಇನ್ನೂ ತೆರೆದೇ ಇದೆ ಅಂತ ಗಾಡಿಗೆ ಅನಿಸುತ್ತಿದೆ. ಅದಕ್ಕೇ ಲೈಟ್ ಆರುವುದಿಲ್ಲ, ಅದಕ್ಕೇ ಲಾಕೂ ಆಗುವುದಿಲ್ಲ. ಕಂಪ್ಯೂಟರಿನ ಮಾತು ಸದ್ಯಕ್ಕೆ ಬದಿಗಿಡಿ. ಈ ಲಕ್ಷಣಕ್ಕೆ ಹೊಸ ಕಂಪ್ಯೂಟರ್ ಹಾಕಿಸಿದರೆ ದುಡ್ಡು ಹೋಗಿರುತ್ತದೆ, ಕೊನೆಗೆ ಎಲ್ಲಿಗೆ ಬಂತು ಸಂಗಯ್ಯ ಅಂದರೆ ಇಲ್ಲಿಗೇ ಬಂತು ಅನ್ನುವ ಹಾಗಾಗುತ್ತದೆ.

ಕೀಲೆಸ್ ಲಾಕ್, ಅಂದರೆ ಕೀ ಹೊರಗೆ ತೆಗೆಯದೆ ಬಟನ್ ಒತ್ತಿ ಮಾಡುವ ಲಾಕ್, ಕೈಕೊಟ್ಟಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಬಟನ್ ಒತ್ತಿದಾಗ ಗಾಡಿ ಕೂಗಿತೋ, ಸುಮ್ಮನಿತ್ತೋ? ಸುಮ್ಮನಿದ್ದರೆ ನೀವು ಹೇಳಿದ್ದು ಗಾಡಿಗೆ ಕೇಳಿಸಿಲ್ಲ. ಆಗ ಸೆಲ್, ರಿಮೋಟ್, ಹಿಡಿಯ ಬಟನ್, ಗಾಡಿಯ ಬ್ಯಾಟರಿ, ಫ್ಯೂಸ್ ಇವುಗಳನ್ನು ಹುಡುಕಬೇಕು. ಬೀಪ್ ಅಂತ ಕೂಗಿದರೆ ಗಾಡಿಗೆ ಕೇಳಿಸಿದೆ, ಕೀ ನಿಮ್ಮ ಹತ್ತಿರ ಇರುವುದೂ ಗೊತ್ತಾಗಿದೆ, ಆದರೆ ಲಾಕ್ ಮಾಡಲು ಒಪ್ಪುತ್ತಿಲ್ಲ. ಇವೆರಡು ಪೂರ್ತಿ ಬೇರೆ ಬೇರೆ ಕಾಯಿಲೆ. ನಿಮ್ಮದು ಎರಡನೆಯದು. ಆದ್ದರಿಂದಲೇ ಎರಡು ಸಲ ಸೆಲ್ ಬದಲಾಯಿಸಿದರೂ ಏನೂ ಆಗಲಿಲ್ಲ.

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಮುಂದಿನದು ಸುಲಭವಾಗುತ್ತದೆ. ಹಿಡಿಯ ಬಟನ್ ಒತ್ತಿದ ಕೂಡಲೇ ಗಾಡಿ ತನ್ನ ಆಂಟೆನಾದಿಂದ ಒಂದು ಸಣ್ಣ ಸಿಗ್ನಲ್ ಬಿಡುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅದು 125 ಕಿಲೋಹರ್ಟ್ಸ್ ಆಸುಪಾಸಿನದು, ಒಂದು ಮೀಟರ್ ಸುತ್ತಮುತ್ತ ಮಾತ್ರ ತಲುಪುತ್ತದೆ. ನಿಮ್ಮ ಪರ್ಸಿನಲ್ಲಿರುವ ಕೀ ಅದನ್ನು ಕೇಳಿಸಿಕೊಂಡು 433 ಮೆಗಾಹರ್ಟ್ಸ್‌ನಲ್ಲಿ ತನ್ನ ಗುರುತು ಹೇಳುತ್ತದೆ. ಗುರುತು ಸರಿಯಾಗಿದ್ದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಗ್ಯಾರೇಜಿನವರು ಕಂಪ್ಯೂಟರ್ ಅಂತ ಕರೆದಿದ್ದು, ಲಾಕ್ ಮಾಡುವ ಮೊದಲು ಕೆಲವು ವಿಷಯ ನೋಡಿಕೊಳ್ಳುತ್ತದೆ. ನಾಲ್ಕೂ ಬಾಗಿಲು ಮತ್ತು ಡಿಕ್ಕಿ ಮುಚ್ಚಿದೆಯಾ, ಇಗ್ನಿಷನ್ ಪೂರ್ತಿ ಆಫ್ ಆಗಿದೆಯಾ, ಒಳಗೆ ಇನ್ನೊಂದು ಕೀ ಉಳಿದಿದೆಯಾ. ಇದರಲ್ಲಿ ಒಂದು ತಪ್ಪಿದರೂ ಉದ್ದನೆಯ ಬೀಪ್. ರಿಮೋಟಿನಿಂದ ಲಾಕ್ ಆಗಿ ಮತ್ತೆ ತೆರೆದುಕೊಳ್ಳುವುದೂ ಇದೇ ಲೆಕ್ಕ. ಮೊದಲು ಲಾಕ್ ಮಾಡುತ್ತದೆ, ಆಮೇಲೆ ಯಾವುದೋ ಬಾಗಿಲು ತೆರೆದಿದೆ ಅಂತ ಕಂಡು, ಕೀ ಒಳಗೆ ಸಿಕ್ಕಿಕೊಂಡೀತು ಅನ್ನುವ ಮುನ್ನೆಚ್ಚರಿಕೆಯಿಂದ ವಾಪಸ್ ತೆಗೆಯುತ್ತದೆ.

ಲೈಟಿನ ಸುಳಿವು ಬಾಗಿಲ ಕಡೆಗೇ ಬೊಟ್ಟು ಮಾಡುತ್ತಿದೆ, ನಿಜ. ಆದರೂ ಬಾಗಿಲು ಬಿಚ್ಚುವ ಮುಂಚೆ ದುಡ್ಡು ಖರ್ಚಿಲ್ಲದ ಎರಡು ವಿಷಯ ಮುಗಿಸಿಬಿಡಿ. ಒಂದು, ಎರಡನೇ ಕೀ ಎಲ್ಲಿದೆ? ಗ್ಲೋವ್ ಬಾಕ್ಸಿನಲ್ಲೋ, ಸೀಟಿನ ಹಿಂದಿನ ಜೇಬಿನಲ್ಲೋ, ಯಾವಾಗಲೋ ಡಿಕ್ಕಿಯಲ್ಲಿಟ್ಟ ಬ್ಯಾಗಿನಲ್ಲೋ ಇದ್ದರೆ ಇದೇ ಬೀಪ್ ಬರುತ್ತದೆ. ಮನೆಯವರು ಸ್ಪೇರ್ ಕೀ ಜೇಬಿನಲ್ಲಿಟ್ಟುಕೊಂಡು ಗಾಡಿಯೊಳಗೆ ಕೂತಿರುವಾಗ ನೀವು ಹೊರಗಿನಿಂದ ಬಟನ್ ಒತ್ತಿದರೂ ಅಷ್ಟೇ. ಎರಡು, ಇಂಜಿನ್ ನಿಲ್ಲಿಸಿದ ಮೇಲೆ ಸ್ಟಾರ್ಟ್ ಬಟನ್ ಇನ್ನೊಂದು ಸಲ ತಾಗಿ ಗಾಡಿ ಆಕ್ಸೆಸರಿಯಲ್ಲಿ, ಅಂದರೆ ಇಂಜಿನ್ ನಿಂತರೂ ರೇಡಿಯೋಗೆ ಕರೆಂಟ್ ಇರುವ ಸ್ಥಿತಿಯಲ್ಲಿ, ಉಳಿದಿದೆಯಾ ನೋಡಿ. ಹಾಡು ಇನ್ನೂ ಬರುತ್ತಿದ್ದರೆ ಅನುಮಾನ ಪಡಿ. ಆಟೋಮ್ಯಾಟಿಕ್ ಗಾಡಿಯವರಿಗೆ ಇದು ಜಾಸ್ತಿ ಆಗುತ್ತದೆ, ಯಾಕೆಂದರೆ ಗೇರ್ ಪಾರ್ಕಿಗೆ ಬರದೆ ಆಫ್ ಮಾಡಿದರೆ ಬಹಳಷ್ಟು ಗಾಡಿಗಳು ಪೂರ್ತಿ ಆಫ್ ಆಗುವುದೇ ಇಲ್ಲ.

ಇವೆರಡೂ ಅಲ್ಲ ಅಂದರೆ ಬಾಗಿಲಿಗೆ ಬನ್ನಿ. ಹಳೆಯ ಗಾಡಿಗಳಲ್ಲಿ ಬಾಗಿಲು ಮುಚ್ಚುವ ಕಂಬದ ಮೇಲೆ ರಬ್ಬರ್ ಟೋಪಿ ಹಾಕಿದ ಒಂದು ಪುಟ್ಟ ಸ್ವಿಚ್ ಇರುತ್ತಿತ್ತು. ಬಾಗಿಲು ಅದನ್ನು ಒತ್ತಿದರೆ ಲೈಟ್ ಆರುತ್ತಿತ್ತು. ಕೆಲವು ಗಾಡಿಗಳಲ್ಲಿ ಈಗಲೂ ಇದೆ. ಆದರೆ ಈಗ ಹೆಚ್ಚಿನವುಗಳಲ್ಲಿ ಆ ಸ್ವಿಚ್ ಲ್ಯಾಚಿನ ಒಳಗೇ ಸೇರಿಕೊಂಡಿದೆ, ಅಂದರೆ ಬಾಗಿಲ ಅಂಚಿನಲ್ಲಿ ಕೊಕ್ಕೆಯ ಹಾಗೆ ಕಾಣುವ ಆ ಲೋಹದ ಭಾಗದ ಒಳಗೆ. ಸ್ವಿಚ್ಚಿಗೆ ದೂಳು ಹಿಡಿದರೆ, ಗ್ರೀಸ್ ಒಣಗಿ ಗಟ್ಟಿಯಾಗಿ ಕೊಕ್ಕೆ ಪೂರ್ತಿ ತಿರುಗದಿದ್ದರೆ, ನೀರಿಳಿದು ಕಿಲುಬು ಹಿಡಿದರೆ ಬಾಗಿಲು ಮುಚ್ಚಿದ ಸುದ್ದಿ ಕಂಪ್ಯೂಟರಿಗೆ ಹೋಗುವುದಿಲ್ಲ. ಮಂಡ್ಯದ ಸುತ್ತ ಕಬ್ಬಿನ ಗದ್ದೆಗಳ ನಡುವಿನ ಮಣ್ಣು ರಸ್ತೆಯಲ್ಲಿ ಓಡಾಡುವ ಗಾಡಿಗಳ ಲ್ಯಾಚ್ ಬಿಚ್ಚಿ ನೋಡಬೇಕು ನೀವು. ಗ್ರೀಸಿನ ಜೊತೆ ದೂಳು ಸೇರಿ ಕರಿ ಹಿಟ್ಟು ನಾದಿಟ್ಟ ಹಾಗಿರುತ್ತದೆ.

ಮಳೆ ಬಂದಾಗ ಜಾಸ್ತಿ ಅಂದಿರಿ, ಅದಕ್ಕೂ ಕಾರಣ ಇಲ್ಲೇ ಇದೆ. ಬಾಗಿಲ ಗಾಜಿನ ಹೊರಗಿನ ರಬ್ಬರ್ ಪಟ್ಟಿ ಬಿಸಿಲಿಗೆ ಗಟ್ಟಿಯಾದ ಮೇಲೆ ನೀರು ಒಳಗಿಳಿಯುತ್ತದೆ. ಸ್ವಲ್ಪ ಇಳಿಯುವುದು ಮಾಮೂಲು, ಅದಕ್ಕೇ ಬಾಗಿಲ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಆ ತೂತು ಮಣ್ಣಿನಿಂದ ಮುಚ್ಚಿದ್ದರೆ ನೀರು ಒಳಗೇ ನಿಂತು ತೇವ ಹೋಗುವುದಿಲ್ಲ. ಒಂದು ಬೆಂಕಿಕಡ್ಡಿ ತೆಗೆದುಕೊಂಡು ಪ್ರತಿ ಬಾಗಿಲ ತಳದ ತೂತು ಬಿಡಿಸಿ ನೋಡಿ. ನೀರು ಸುರಿದರೆ ಆಶ್ಚರ್ಯ ಪಡಬೇಡಿ.

ಈಗ ಡಿಕ್ಕಿಯೂ ಸೇರಿ ಐದರಲ್ಲಿ ಯಾವ ಬಾಗಿಲು ಅಂತ ಕಂಡುಹಿಡಿಯಬೇಕು. ಕೆಲವು ಗಾಡಿಗಳ ಮೀಟರಿನಲ್ಲಿ ಯಾವ ಬಾಗಿಲು ತೆರೆದಿದೆ ಅಂತ ಚಿತ್ರವೇ ಬರುತ್ತದೆ, ಆಗ ಕೆಲಸ ಮುಗಿಯಿತು. ಬರೀ ಒಂದು ಕೆಂಪು ದೀಪ ಮಾತ್ರ ಇದ್ದರೆ ಹೀಗೆ ಮಾಡಿ. ಎಲ್ಲಾ ಬಾಗಿಲು ಮುಚ್ಚಿ ಇಗ್ನಿಷನ್ ಆನ್ ಮಾಡಿ ಒಳಗೆ ಕೂತುಕೊಳ್ಳಿ. ಹೊರಗಿನಿಂದ ಯಾರಾದರೂ ಒಂದೊಂದೇ ಬಾಗಿಲನ್ನು ಲ್ಯಾಚ್ ಇರುವ ಜಾಗದಲ್ಲಿ ಅಂಗೈಯಿಂದ ಒತ್ತಲಿ, ಅಲ್ಲಾಡಿಸಲಿ. ಯಾವ ಬಾಗಿಲನ್ನು ಒತ್ತಿದಾಗ ದೀಪ ಮಿನುಗುತ್ತದೋ ಅದೇ ಕಳ್ಳ. ಹಂಪ್ ಹಾರಿಸುವಾಗ ದೀಪ ಕಣ್ಣು ಮಿಟುಕಿಸಿದ ನೆನಪಿದೆಯಾ? ಅದೂ ಇದೇ.

ಇನ್ನೂ ಖಚಿತವಾಗಬೇಕಾದರೆ ಬಾಗಿಲು ತೆರೆದಿಟ್ಟುಕೊಂಡೇ ಲ್ಯಾಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚುವ ದಿಕ್ಕಿಗೆ ತಳ್ಳಿ. ಟಕ್ ಟಕ್ ಅಂತ ಎರಡು ಸಲ ಶಬ್ದ ಬರಬೇಕು. ಆಗ ಗಾಡಿ ಬಾಗಿಲು ಮುಚ್ಚಿತು ಅಂದುಕೊಂಡು ಲೈಟ್ ಮೆಲ್ಲಗೆ ಆರಬೇಕು. ಎಲ್ಲಾ ಬಾಗಿಲು ಮುಚ್ಚಿದಾಗ ಲೈಟ್ ಆರುತ್ತಿರುವ ಹೊತ್ತಿನಲ್ಲೇ ಇದನ್ನು ಮಾಡಿ. ಉಳಿದ ಬಾಗಿಲುಗಳಲ್ಲಿ ಆರಿ ಒಂದರಲ್ಲಿ ಮಾತ್ರ ಆರದಿದ್ದರೆ ಉತ್ತರ ಸಿಕ್ಕಿತು. ಆದರೆ ಒಂದು ಎಚ್ಚರಿಕೆ. ಪರೀಕ್ಷೆ ಮುಗಿದ ಮೇಲೆ ಹಿಡಿ ಎಳೆದು ಕೊಕ್ಕೆಯನ್ನು ಮತ್ತೆ ಬಿಡಿಸಿ, ಆಮೇಲೇ ಬಾಗಿಲು ಮುಚ್ಚಿ. ಮರೆತು ಹಾಗೇ ಬಡಿದರೆ ಲ್ಯಾಚ್ ಮತ್ತು ಕಂಬದ ಕೊಂಡಿ ಒಂದಕ್ಕೊಂದು ಗುದ್ದಿ ಹೊಸ ಖರ್ಚು ಶುರುವಾಗುತ್ತದೆ.

ನನ್ನ ಮೊದಲ ಅನುಮಾನ ಡಿಕ್ಕಿಯ ಮೇಲೆ, ಆಮೇಲೆ ಡ್ರೈವರ್ ಬಾಗಿಲಿನ ಮೇಲೆ. ಡಿಕ್ಕಿಗೆ ದೂಳು, ನೀರು ಎರಡೂ ಜಾಸ್ತಿ ಬಡಿಯುತ್ತದೆ, ಜೊತೆಗೆ ತೆಂಗಿನಕಾಯಿ ಚೀಲ, ಅಕ್ಕಿ ಮೂಟೆ ತುರುಕಿ ಒತ್ತಿ ಮುಚ್ಚುವುದು ಬೇರೆ. ಡ್ರೈವರ್ ಬಾಗಿಲು ಬಿಡಿ, ಉಳಿದೆಲ್ಲಕ್ಕಿಂತ ಹೆಚ್ಚು ಸಲ ತೆರೆದು ಮುಚ್ಚಿ ಸವೆದಿರುತ್ತದೆ.

ಬಾಗಿಲು ಗೊತ್ತಾದ ಮೇಲೆ ಮೊದಲು ತೊಳೆದು ನೋಡಿ, ಬದಲಾಯಿಸುವುದು ಆಮೇಲೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಇಗ್ನಿಷನ್ ಆಫ್ ಇರುವಾಗ ಲ್ಯಾಚಿನ ಒಳಗೆ ಚೆನ್ನಾಗಿ ಹೊಡೆದು, ಕೊಕ್ಕೆಯನ್ನು ಹತ್ತಾರು ಸಲ ತಿರುಗಿಸಿ ಬಿಡಿಸಿ, ಕರಿ ನೀರು ಇಳಿದು ಹೋಗಲು ಬಿಡಿ. ಒಣಗಿದ ಮೇಲೆ ಕೊಕ್ಕೆಗೆ ಸ್ವಲ್ಪ ಬಿಳಿ ಲಿಥಿಯಂ ಗ್ರೀಸ್ ಸವರಿ. ಬರೀ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದು ಬಿಡುವುದು ನಮ್ಮಲ್ಲಿ ವಾಡಿಕೆ. ಎರಡು ವಾರ ಸೊಗಸಾಗಿರುತ್ತದೆ, ಆಮೇಲೆ ಎಣ್ಣೆ ಹಾರಿ ದೂಳು ಮತ್ತೆ ಅಂಟಿಕೊಳ್ಳುತ್ತದೆ. ಅಡುಗೆ ಎಣ್ಣೆ ಬಿಡುವವರೂ ಇದ್ದಾರೆ, ಅವರಿಗೆ ನಾನೇನೂ ಹೇಳುವುದಿಲ್ಲ.

ತೊಳೆದ ಮೇಲೂ ಹಾಗೇ ಇದ್ದರೆ ಎರಡು ಸಾಧ್ಯತೆ. ಸ್ವಿಚ್ ಸವೆದಿದೆ, ಆಗ ಲ್ಯಾಚ್ ಪೂರ್ತಿ ಸೆಟ್ ಬದಲಾಯಿಸಬೇಕು, ಏಕೆಂದರೆ ಹೆಚ್ಚಿನ ಗಾಡಿಗಳಿಗೆ ಸ್ವಿಚ್ ಬಿಡಿಯಾಗಿ ಬರುವುದಿಲ್ಲ. ಲಾಕ್ ಮೋಟಾರೂ ಅದರ ಜೊತೆಗೇ ಹೊಸದು ಬರುತ್ತದೆ, ಹಾಗಾಗಿ ಪೂರ್ತಿ ನಷ್ಟವೇನಲ್ಲ. ಇಲ್ಲವೇ ಬಾಗಿಲಿಗೂ ಕಂಬಕ್ಕೂ ನಡುವೆ ಇರುವ ಕಪ್ಪು ರಬ್ಬರ್ ಕೊಳವೆಯಲ್ಲಿ ವೈರ್ ತುಂಡಾಗಿದೆ. ಪ್ರತಿ ಸಲ ಬಾಗಿಲು ತೆರೆದಾಗ ಆ ವೈರುಗಳು ಮಡಿಚಿ ಬಿಚ್ಚುತ್ತವೆ, ವರ್ಷಗಳಾದ ಮೇಲೆ ಮೇಲಿನ ಪ್ಲಾಸ್ಟಿಕ್ ಸರಿ ಇದ್ದು ಒಳಗಿನ ತಾಮ್ರದ ಎಳೆಗಳು ಮಾತ್ರ ಕಡಿದಿರುವುದೂ ಉಂಟು. ಪತ್ತೆ ಮಾಡುವುದು ಹೇಗೆ ಅಂದರೆ, ಬಾಗಿಲನ್ನು ನಿಧಾನಕ್ಕೆ ತೆರೆಯುತ್ತಾ ಮುಚ್ಚುತ್ತಾ ಪವರ್ ವಿಂಡೋ ಒತ್ತಿ ನೋಡಿ, ಅದೇ ಬಾಗಿಲಿನ ಸ್ಪೀಕರ್ ಕೇಳಿಸಿಕೊಳ್ಳಿ. ಲಾಕಿನ ಜೊತೆ ಗಾಜೋ ಸ್ಪೀಕರೋ ಕೈಕೊಡುತ್ತಿದ್ದರೆ ಇದು ವೈರೇ, ಲ್ಯಾಚ್ ಅಲ್ಲ. ಇಲ್ಲಿ ತಿರುಚಿ ಟೇಪ್ ಸುತ್ತುವ ಕೆಲಸ ಬೇಡ ಅಂತ ಮೊದಲೇ ಹೇಳಿಬಿಡಿ. ಮೆತ್ತಗಿನ ಹೊಸ ವೈರ್ ತುಂಡು ಸೇರಿಸಿ, ಬೆಸುಗೆ ಹಾಕಿ, ಸ್ಲೀವ್ ಹಾಕಿಸಿ. ಬೆಸುಗೆ ರಬ್ಬರಿನ ಮಡಿಕೆಯ ಜಾಗದಲ್ಲಿ ಬರಬಾರದು.

ಗ್ಯಾರೇಜಿನವರ ಹತ್ತಿರ ಮತ್ತೆ ಹೋಗುವಾಗ ಜಗಳ ಆಡಬೇಕಿಲ್ಲ, ಒಂದೇ ಮಾತು ಕೇಳಿ. "ಸ್ಕ್ಯಾನರ್ ಹಾಕಿ ಐದೂ ಬಾಗಿಲಿನ ಲೈವ್ ಡೇಟಾ ತೋರಿಸಿ." ಒಳ್ಳೆಯ ಸ್ಕ್ಯಾನರಿನಲ್ಲಿ ಪ್ರತಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ಆ ಕ್ಷಣದಲ್ಲೇ ಕಾಣುತ್ತದೆ. ನೀವೇ ಬಾಗಿಲು ತೆರೆದು ಮುಚ್ಚಿ, ಪರದೆ ಬದಲಾಗುತ್ತದೆಯಾ ನೋಡಿ. ನಾಲ್ಕು ಸರಿಯಾಗಿ ಬದಲಾಗಿ ಒಂದು ಮಾತ್ರ ಬದಲಾಗದಿದ್ದರೆ, ಆ ಒಂದರ ಲ್ಯಾಚ್ ಮತ್ತು ವೈರ್ ಪರೀಕ್ಷೆ ಆಗುವವರೆಗೆ ಕಂಪ್ಯೂಟರಿಗೆ ಒಂದು ಪೈಸೆಯೂ ಕೊಡಬೇಡಿ. ಮೊಬೈಲಿಗೆ ಜೋಡಿಸುವ ಅಗ್ಗದ ಡಾಂಗಲ್‌ಗಳು ಈ ಕೆಲಸಕ್ಕೆ ಆಗುವುದು ಅಪರೂಪ, ಅವು ಸಾಮಾನ್ಯವಾಗಿ ಇಂಜಿನ್ ವಿಷಯ ಮಾತ್ರ ಓದುತ್ತವೆ. ಇನ್ನು ಗುಜರಿಯಿಂದ ಹಳೆಯ ಮಾಡ್ಯೂಲ್ ತಂದು ಹಾಕುತ್ತೇವೆ ಅಂದರೆ ಬೇಡವೇ ಬೇಡ ಅನ್ನಿ. ಬಹಳ ಗಾಡಿಗಳಲ್ಲಿ ಅದಕ್ಕೆ ಕೀಗಳ ಕೋಡಿಂಗ್, ಅಂದರೆ ನಿಮ್ಮ ಕೀಗಳ ಗುರುತು ಅದಕ್ಕೆ ಕಲಿಸುವ ಕೆಲಸ, ಬೇಕು, ಇಲ್ಲದಿದ್ದರೆ ಲಾಕ್ ಇರಲಿ, ಸ್ಟಾರ್ಟೇ ಆಗದೆ ನಿಲ್ಲಬಹುದು.

ಗಾಡಿಯ 12 ವೋಲ್ಟ್ ಬ್ಯಾಟರಿಯನ್ನೂ ಈ ನೆಪದಲ್ಲಿ ಅಳೆಸಿ. ಬಾಗಿಲು ತೆರೆದಿದೆ ಅಂದುಕೊಂಡ ಗಾಡಿ ರಾತ್ರಿ ಸರಿಯಾಗಿ ಮಲಗುವುದಿಲ್ಲ. ಒಳಗಿನ ಲೈಟ್ ಕೆಲವು ಗಾಡಿಗಳಲ್ಲಿ ಸ್ವಲ್ಪ ಹೊತ್ತಿನ ಮೇಲೆ ತಾನೇ ಆರಿದರೂ ಮಾಡ್ಯೂಲ್‌ಗಳು ಎಚ್ಚರವಾಗಿದ್ದು ಬ್ಯಾಟರಿ ಹೀರುತ್ತಿರುತ್ತವೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಸೋತಿದೆ. ಇಂಜಿನ್ ಓಡುವಾಗ ಸುಮಾರು 13.8ರಿಂದ 14.5 ಬರಬೇಕು. ಬ್ಯಾಟರಿ ಸೋತರೆ ಲಾಕ್ ಮೋಟಾರ್ ಅರ್ಧಕ್ಕೆ ನಿಲ್ಲುತ್ತದೆ, ಆಗ ಒಂದು ಕಾಯಿಲೆ ಎರಡಾಗಿ ಯಾವುದು ಯಾವುದರಿಂದ ಅಂತಲೇ ತಿಳಿಯುವುದಿಲ್ಲ. ಅಂದ ಹಾಗೆ, ಒಳಗಿನ ಬಲ್ಬ್ ತೆಗೆಸಿ ಎಲ್‌ಇಡಿ ಹಾಕಿಸಿದ್ದರೆ ಅದು ತೀರಾ ಮಂದವಾಗಿ ಉರಿಯುತ್ತಲೇ ಇರುವುದುಂಟು. ಅದಕ್ಕೂ ಲಾಕಿಗೂ ಸಂಬಂಧವಿಲ್ಲ. ಪೂರ್ತಿ ಪ್ರಕಾಶದಲ್ಲಿ ಉರಿದರೆ ಮಾತ್ರ ಬಾಗಿಲಿನ ಲೆಕ್ಕ.

ಬೀಪೇ ಬಾರದೆ ಗಾಡಿ ಸುಮ್ಮನಿರುವ ಬಗ್ಗೆಯೂ ಬೇರೆ ಬೇರೆಯವರು ಕೇಳುತ್ತಿರುತ್ತಾರೆ, ಅದನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲು ಎರಡನೇ ಕೀ ತಂದು ನೋಡಿ. ಅದು ಕೆಲಸ ಮಾಡಿದರೆ ದೋಷ ಮೊದಲ ಕೀಯಲ್ಲಿ, ಎರಡೂ ಮಾಡದಿದ್ದರೆ ಗಾಡಿಯಲ್ಲಿ. ಸೆಲ್ ಹೆಚ್ಚಾಗಿ ಸಿಆರ್2032, ಹೊಸದು 3 ವೋಲ್ಟಿಗಿಂತ ಸ್ವಲ್ಪ ಮೇಲೇ ತೋರಿಸುತ್ತದೆ. ಮೀಟರಿನಲ್ಲಿ 3 ತೋರಿಸಿದ ಹಳೆಯ ಸೆಲ್ ಕೆಲಸದ ಹೊತ್ತಿಗೆ ಕುಸಿಯುವುದೂ ಇದೆ, ಆದ್ದರಿಂದ ಮೀಟರಿಗಿಂತ ಹೊಸ ಸೆಲ್ ಹಾಕಿ ನೋಡುವುದೇ ಸುಲಭ. ಸಿಆರ್2025 ಕೂಡ ಕೂರುತ್ತದೆ ಅಂತ ಅಂಗಡಿಯವರು ಕೊಟ್ಟರೆ ತೆಗೆದುಕೊಳ್ಳಬೇಡಿ. ಅಗಲ ಒಂದೇ, ದಪ್ಪ 3.2 ಮಿಲಿಮೀಟರ್ ಬದಲು 2.5, ಹಾಗಾಗಿ ಅಲ್ಲಾಡಿ ಲೂಸ್ ಕಾಂಟ್ಯಾಕ್ಟ್ ಆಗುತ್ತದೆ. ಕೀಯನ್ನು ಟಿವಿ, ಲ್ಯಾಪ್‌ಟಾಪ್, ವೈರ್‌ಲೆಸ್ ಚಾರ್ಜರ್ ಪಕ್ಕ ಇಡುವ ಅಭ್ಯಾಸ ಇದ್ದರೆ ಸೆಲ್ ಬೇಗ ಮುಗಿಯುತ್ತದೆ.

ರಿಮೋಟ್ ಕೆಲಸ ಮಾಡಿ ಹಿಡಿಯ ಬಟನ್ ಮಾತ್ರ ಮಾಡದಿದ್ದರೆ ಆ ಬಟನ್ನಿಗೇ ನೀರು ಹೋಗಿರಬಹುದು, ವಾಟರ್ ವಾಶ್ ಮಾಡುವವರು ಪ್ರೆಶರ್ ಪೈಪನ್ನು ನೇರ ಹಿಡಿಗೇ ಹಿಡಿಯುತ್ತಾರೆ. ಬಟನ್ ಬದಲು ಮುಟ್ಟಿದರೆ ಸಾಕು ಅನ್ನುವ ಹಿಡಿಗಳಲ್ಲಿ ಇನ್ನೊಂದು ತಮಾಷೆ ಇದೆ. ಲಾಕ್ ಮಾಡಿ, ಆಯಿತಾ ಅಂತ ಎಳೆದು ನೋಡುತ್ತಾರೆ, ಕೀ ಜೇಬಿನಲ್ಲೇ ಇರುವುದರಿಂದ ಗಾಡಿ ಮರ್ಯಾದೆಯಿಂದ ತೆರೆದುಕೊಳ್ಳುತ್ತದೆ, ಲಾಕ್ ಕೆಟ್ಟಿದೆ ಅಂತ ಗ್ಯಾರೇಜಿಗೆ ಓಡುತ್ತಾರೆ! ಕೀಯನ್ನು ಬೇರೆಯವರ ಕೈಲಿ ಕೊಟ್ಟು ದೂರ ಕಳಿಸಿ ಎಳೆದು ನೋಡಬೇಕು. ಹಾಗೆಯೇ ಅನ್‌ಲಾಕ್ ಮಾಡಿ ಬಾಗಿಲು ತೆರೆಯದಿದ್ದರೆ ಸುಮಾರು 30 ಸೆಕೆಂಡಿನಲ್ಲಿ ಹೆಚ್ಚಿನ ಗಾಡಿಗಳು ತಾವೇ ಮತ್ತೆ ಲಾಕ್ ಆಗುತ್ತವೆ, ಅದು ದೋಷವಲ್ಲ. ಒಂದೇ ಜಾಗದಲ್ಲಿ ಮಾತ್ರ ಕೈಕೊಟ್ಟರೆ ಗಾಡಿಯನ್ನು ನೂರು ಮೀಟರ್ ಆಚೆ ನಿಲ್ಲಿಸಿ ನೋಡಿ. ವೈರ್‌ಲೆಸ್ ಕಾಲಿಂಗ್ ಬೆಲ್, ಗೇಟ್ ರಿಮೋಟ್ ಇವುಗಳಲ್ಲಿ ಎಷ್ಟೋ 433 ಮೆಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ. ಪಾರ್ಕಿಂಗ್ ಜಾಗಗಳಲ್ಲಿ ಕಳ್ಳರು ಬೇಕಂತಲೇ ಜಾಮರ್ ಇಟ್ಟು ಲಾಕ್ ಆಗದಂತೆ ಮಾಡುವುದೂ ಉಂಟು. ದಸರಾ ಹೊತ್ತಿನಲ್ಲಿ ಅರಮನೆ ಸುತ್ತಮುತ್ತ ಗಾಡಿ ನಿಲ್ಲಿಸುವವರು ರಿಮೋಟ್ ಒತ್ತಿ ಹಿಂದೆ ನೋಡದೆ ಹೋಗಬೇಡಿ, ಇಂಡಿಕೇಟರ್ ಮಿನುಗಿತಾ, ಟಕ್ ಅಂದಿತಾ ನೋಡಿ.

ಕೊನೆಗೆ, ಬೆಟ್ಟದಲ್ಲಿ ಆದ ಹಾಗೆ ಮತ್ತೆ ಆದರೆ ಯಾರೂ ಗಾಡಿ ಕಾಯುತ್ತಾ ನಿಲ್ಲಬೇಕಿಲ್ಲ. ರಿಮೋಟ್ ಕೀಯ ಬದಿಯಲ್ಲೇ ಒಂದು ಸಣ್ಣ ಗುಂಡಿ ಅಥವಾ ಜಾರುವ ಕೊಂಡಿ ಇರುತ್ತದೆ, ಅದನ್ನು ಸರಿಸಿದರೆ ಒಳಗಿನಿಂದ ಲೋಹದ ಬೀಗದಕೈ ಹೊರಗೆ ಬರುತ್ತದೆ. ಉಳಿದ ಬಾಗಿಲುಗಳನ್ನು ಒಳಗಿನ ಗುಬಟಿಯಿಂದ ಲಾಕ್ ಮಾಡಿ ಮುಚ್ಚಿ, ಡ್ರೈವರ್ ಬಾಗಿಲನ್ನು ಹೊರಗಿನಿಂದ ಆ ಬೀಗದಕೈಯಿಂದ ತಿರುಗಿಸಿ. ಬೀಗದ ತೂತು ಕಾಣದಿದ್ದರೆ ಹಿಡಿಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಕೀಯ ತುದಿಗೆ ಟೇಪ್ ಸುತ್ತಿ ಮೀಟಿದರೆ ಬಣ್ಣ ಕೆರೆಯುವುದಿಲ್ಲ. ಡಿಕ್ಕಿ ಲಾಕ್ ಆಯಿತಾ ಅಂತ ಎಳೆದು ನೋಡಲು ಮರೆಯಬೇಡಿ, ಆ ಬೀಗದಕೈಯಿಂದ ಲಾಕ್ ಮಾಡಿದಾಗ ಕೆಲವು ಗಾಡಿಗಳಲ್ಲಿ ಡಿಕ್ಕಿ ಹಾಗೇ ಉಳಿಯುತ್ತದೆ. ಅಲಾರಂ ಕೂಡ ಆನ್ ಆಗದಿರಬಹುದು, ಹಾಗಾಗಿ ಲ್ಯಾಪ್‌ಟಾಪ್, ಒಡವೆ ಒಳಗೆ ಬಿಡಬೇಡಿ. ಈ ಗಡಿಬಿಡಿಯಲ್ಲಿ ಕೀ ಇರುವ ಬ್ಯಾಗನ್ನು ಸ್ಟೀಲ್ ಊಟದ ಡಬ್ಬಿಯ ಜೊತೆ ಡಿಕ್ಕಿಯಲ್ಲಿಟ್ಟು ಮುಚ್ಚುವುದಂತೂ ಮಾಡಲೇಬೇಡಿ. ಲೋಹದ ಮರೆಯಲ್ಲಿರುವ ಕೀ ಗಾಡಿಗೆ ಕಾಣದೆ, ಅವತ್ತು ಮಾತ್ರ ಲಾಕ್ ಸಲೀಸಾಗಿ ಆಗಿಬಿಡಬಹುದು.